ಮೆಜೆಸ್ಟಿಕ್‌ನಿಂದ ಹಂಪನಕಟ್ಟೆಗೆ, ಬಾನಿನ ದಾರಿಯಲ್ಲಿ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 306 ಕಿಲೋಮೀಟರ್. ಟಿಕೆಟ್‌ನಲ್ಲಿ ಒಂದು ಗಂಟೆಯ ಆಸುಪಾಸು ಎಂದಿರುತ್ತದೆ. ಅದರಲ್ಲಿ ಗಾಲಿ ನೆಲ ಬಿಟ್ಟಿರುವುದು 40–45 ನಿಮಿಷ ಮಾತ್ರ. ಮಿಕ್ಕದ್ದು ರನ್‌ವೇವರೆಗಿನ ಓಡಾಟಕ್ಕೆ, ಸರದಿ ಕಾಯುವುದಕ್ಕೆ.

ನಿಜವಾದ ಲೆಕ್ಕ ಮನೆಯ ಬಾಗಿಲಿನಿಂದ ಶುರುವಾಗಬೇಕು. ಮೆಜೆಸ್ಟಿಕ್‌ನಲ್ಲಿ ವಿಮಾನ ನಿಲ್ದಾಣದ ಬಸ್ಸಾದ ವಾಯುವಜ್ರ ಹತ್ತಿದರೆ ಹೆಬ್ಬಾಳ ದಾಟಿ ನಿಲ್ದಾಣ ಸೇರಲು ಒಂದರಿಂದ ಒಂದೂವರೆ ಗಂಟೆ. ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುವುದರಿಂದ ಎರಡು ಗಂಟೆ ಮುಂಚೆ ಅಲ್ಲಿರುವುದು ಕ್ಷೇಮ. ಟರ್ಮಿನಲ್ 1 ಯಾವುದು, 2 ಯಾವುದು ಎಂದು ಟಿಕೆಟ್‌ನಲ್ಲೇ ನೋಡಿಕೊಂಡು ಹೊರಡಿ. ಆಚೆ ಇಳಿದ ಮೇಲೆ ಬ್ಯಾಗಿಗೆ 20 ನಿಮಿಷ, ಬಜ್ಪೆಯಿಂದ ಮಂಗಳೂರು ಪೇಟೆಯ ನಡುವಿನ ಹಂಪನಕಟ್ಟೆಗೆ 40 ನಿಮಿಷ. ಒಟ್ಟು ಐದು, ಐದೂವರೆ ಗಂಟೆ. ಶಿರಾಡಿ ಘಾಟಿ ಇಳಿದು ಬರುವ ರಾತ್ರಿ ಬಸ್ಸಿಗೆ ಏಳೆಂಟು ಗಂಟೆ. ಉಳಿತಾಯ ಎರಡು ಮೂರು ಗಂಟೆಯದು, ಅಷ್ಟೆ. ಯಲಹಂಕದವರಿಗೆ ಹೆಚ್ಚು, ಕೆಂಗೇರಿಯವರಿಗೆ ಕಡಿಮೆ.

ಪಡುವಣ ಗಾಳಿ ಇದ್ದ ದಿನ ವಿಮಾನ ಏರುವುದೇ ಮಂಗಳೂರಿನ ದಿಕ್ಕಿಗೆ. ಮೂಡಣ ಗಾಳಿಯ ಚಳಿಗಾಲದಲ್ಲಿ ಮೂಡಣಕ್ಕೆ ಮುಖ ಮಾಡಿ ಏರಿ, ತಿರುಗಿ ಬರಬೇಕು. ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ. ಮೋಡವಿಲ್ಲದ ಬೆಳಗಾದರೆ ಕಿಟಕಿಯ ಸೀಟು ಹಿಡಿಯಿರಿ. ನೇರ ಗೆರೆ ಹಾಸನದ ಬಡಗಣ ಬದಿಯಲ್ಲಿ ಹಾಯುವುದರಿಂದ ಹೇಮಾವತಿಯ ಹಿನ್ನೀರು ಎಡಕ್ಕೆ, ಕುದುರೆಮುಖ ಬಲಕ್ಕೆ. ಬಯಲುಸೀಮೆಯ ಕೆರೆಗಳು ಮುಗಿದು ಕಾಫಿ ತೋಟದ ಕಪ್ಪು ಹಸಿರು ಶುರುವಾಗುವ ಜಾಗ, ಆಮೇಲೆ ಘಟ್ಟ ಒಮ್ಮೆಲೇ ಕುಸಿಯುವ ಅಂಚು: ಈ ದಾರಿಯ ಚೆಲುವೆಲ್ಲ ಆ ಹತ್ತು ನಿಮಿಷದಲ್ಲಿದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮಾತು ಬೇರೆ. ಸಮುದ್ರಮಟ್ಟದಿಂದ ನೂರು ಮೀಟರ್ ಎತ್ತರದ ಗುಡ್ಡದ ತಲೆ ಕಡಿದು ಮಾಡಿದ ನಿಲ್ದಾಣ ಬಜ್ಪೆಯದು. ಮುಖ್ಯ ರನ್‌ವೇ ಉದ್ದ 2,450 ಮೀಟರ್, ಅದರ ತುದಿಯಾಚೆ ಕಮರಿ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕೆಳಗುರುಳಿ 158 ಜನ ತೀರಿಕೊಂಡರು. ಮಳೆಯಲ್ಲಿ ರನ್‌ವೇ ಕಾಣದೆ ಪೈಲಟ್ ಮತ್ತೆ ಮೇಲೇರಿದರೆ ಹೆದರಬೇಡಿ. ಅದು ಸರಿಯಾದ ಕ್ರಮ. ಮೋಡ ಸರಿಯುವವರೆಗೆ ಸುತ್ತು ಹೊಡೆದು, ಸರಿಯದಿದ್ದರೆ ಬೆಂಗಳೂರಿಗೇ ವಾಪಸ್ಸು, ಇಲ್ಲವೇ ಕಣ್ಣೂರು, ಕೊಚ್ಚಿಯ ಕಡೆಗೆ. ಮರುದಿನ ಬೆಳಗ್ಗೆ ಮುಹೂರ್ತವಿದ್ದರೆ ಆ ತಿಂಗಳುಗಳಲ್ಲಿ ಕೊನೆಯ ವಿಮಾನ ನಂಬಬಾರದು, ಮಧ್ಯಾಹ್ನದ್ದು ಹಿಡಿಯಬೇಕು.

ಇಳಿದ ಮೇಲೆ ಎಲ್ಲಿಗೆ ಎಂಬುದನ್ನೂ ನೋಡಬೇಕು. ಮೂಲ್ಕಿ, ಮೂಡುಬಿದಿರೆ, ಕಾರ್ಕಳದವರಿಗೆ ಬಜ್ಪೆ ಅನುಕೂಲ. ಪೇಟೆಯೊಳಗೆ ಹೋಗುವ ಕೆಲಸವೇ ಇಲ್ಲ. ಪುತ್ತೂರಿನವರು ವಿಮಾನದಲ್ಲಿ ಬಂದರೆ ಹಾರಿಬಂದ ದಾರಿಯನ್ನೇ ಟ್ಯಾಕ್ಸಿಯಲ್ಲಿ ಹಿಂದಕ್ಕೆ ಹೋದಂತೆ. ಅವರು ರಾತ್ರಿ ಬಸ್ಸಿನಲ್ಲಿ ಮಲಗಿ, ಬೆಳಗಿನ ಜಾವ ಉಪ್ಪಿನಂಗಡಿಯಲ್ಲಿ ಇಳಿಯುವುದೇ ಲೇಸು.