ಕುದುರೆ ನೋಡಲು ಹೋದ ಎರಡು ದಿನ

ಕುದುರೆ ಕಂಡರೆ ಕಾಲು ನೋವು ಎನ್ನುತ್ತಾರೆ. ನನಗೆ ಕಾಲು ನೋಯುವುದಿಲ್ಲ, ಕಣ್ಣು ಮಂಜಾಗುತ್ತದೆ. ಮೈ ಹೊಳೆಯುವ ಕುದುರೆಯೊಂದು ಕತ್ತೆತ್ತಿ ನಿಂತರೆ ಸಾಕು, ಮನಸ್ಸಿನಲ್ಲೇ ಅದಕ್ಕೆ ಹೆಸರಿಟ್ಟುಬಿಡುತ್ತೇನೆ. ಅದಕ್ಕೇ ಮಗಳಿಗಾಗಿ ಪ್ರದರ್ಶನದ ಕುದುರೆ ಹುಡುಕಲು ಹೊರಟಾಗ ಮುಂಗಡದ ಹಣವನ್ನು ಮನೆಯಲ್ಲೇ ಬಿಟ್ಟು, ಅವಳ ತರಬೇತುದಾರರನ್ನು ಜೊತೆಗೆ ಕರೆದುಕೊಂಡೆ. ನೋಡಬೇಕಿದ್ದದ್ದು ಹತ್ತಿರದ ಮೂವರು ಮಾರಾಟಗಾರರ ಲಾಯಗಳನ್ನು. ಒಂದೇ ದಿನದಲ್ಲಿ ಮುಗಿಸುವ ಯೋಚನೆಯಿತ್ತು. ಒಂದು ಕುದುರೆಗೇ ಅರ್ಧ ದಿನ ಬೇಕೆಂದು ಮೊದಲ ಲಾಯದಲ್ಲೇ ಗೊತ್ತಾಯಿತು.

ಅಲ್ಲಿಗೆ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ತಲುಪಿದ್ದೆವು. ಕುದುರೆಗೆ ಆಗಲೇ ಜೀನು ಹಾಕಿತ್ತು, ಎದೆಯ ಮೇಲೆ ಬೆವರಿತ್ತು. ನಾವು ಬರುವ ಮುಂಚೆಯೇ ಓಡಿಸಿ ಅದರ ಹುರುಪು ಇಳಿಸಿದ್ದರು. ಬಿಗಿದ ಕಾಲು ಸಡಿಲಾಗಲೂ ಇಷ್ಟು ಓಟ ಸಾಕು. ಫೋನಿನಲ್ಲೇ ಸ್ಪಷ್ಟವಾಗಿ ಹೇಳಿ: ಕುದುರೆ ಲಾಯದಲ್ಲೇ ಇರಲಿ, ಹಿಡಿದು ತರುವುದು, ಲಾಯದಿಂದ ಹೊರಗೆ ಬರುವ ಮೊದಲ ಹತ್ತು ಹೆಜ್ಜೆ, ಜೀನು ಬಿಗಿಯುವುದು ಎಲ್ಲವೂ ನಮ್ಮ ಮುಂದೆಯೇ ಆಗಲಿ. ಆಮೇಲೆ ಸಡಿಲ ಹಗ್ಗದಲ್ಲಿ, ಗಟ್ಟಿ ನೆಲದ ಮೇಲೆ ಟ್ರಾಟ್, ಅಂದರೆ ಕುಕ್ಕುಲೋಟ, ಮಾಡಿಸಿ. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ. ಹಗ್ಗ ಬಿಗಿಯಾಗಿ ಹಿಡಿದರೆ ಈ ತಲೆಯಾಟ ಕಾಣುವುದೇ ಇಲ್ಲ.

ಎರಡನೆಯದು ನನ್ನ ಕಣ್ಣು ಮಂಜಾಗಿಸಿದ ಕುದುರೆ. ಕಪ್ಪು ಮೈ, ತೇಲುವಂಥ ನಡೆ. ಮಗಳು ಹತ್ತಿ ಎರಡು ಸುತ್ತು ಬಂದು ಇಳಿಯಲು ಒಪ್ಪಲಿಲ್ಲ. ಇನ್ನೇನು ಮಾತು ಕೊಡಬೇಕು, ಅಷ್ಟರಲ್ಲಿ ತರಬೇತುದಾರರು, "ಸಾಗಣೆಯ ಗಾಡಿಗೆ ಹತ್ತಿಸಿ ತೋರಿಸಿ" ಎಂದರು. ಮುಕ್ಕಾಲು ಗಂಟೆ ಕಳೆದರೂ ಅದು ಹಲಗೆಯ ಮೇಲೆ ಕಾಲಿಡಲಿಲ್ಲ. "ಇವತ್ತು ಯಾಕೋ ಹೀಗೆ" ಎಂದರು ಮಾರುವವರು. ಇರಬಹುದು. ಆದರೆ ಪ್ರದರ್ಶನದ ಕುದುರೆಯ ಅರ್ಧ ಬದುಕು ಕಳೆಯುವುದು ಗಾಡಿಯಲ್ಲಿ ಮತ್ತು ಅಪರಿಚಿತ ಮೈದಾನದಲ್ಲಿ. ತನ್ನ ಅಂಗಳದಲ್ಲಿ ಎಷ್ಟೇ ಚೆನ್ನಾಗಿ ನಡೆದರೂ ಧ್ವನಿವರ್ಧಕ, ಚಪ್ಪಾಳೆ, ಬಾವುಟಗಳ ನಡುವೆ ಹೇಗಿರುತ್ತದೆ ಎಂಬುದೇ ಬೇರೆ ಪ್ರಶ್ನೆ. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಹತ್ತಿರದವರಿಂದ ಕೊಳ್ಳುವುದರ ನಿಜವಾದ ಲಾಭ ಇಲ್ಲೇ ಇದೆ. ಸಾಗಣೆಯ ಖರ್ಚು ಉಳಿಯುವುದು ಸಣ್ಣ ಮಾತು. ಕುದುರೆಯನ್ನು ಸ್ಪರ್ಧೆಯಲ್ಲೇ ನೋಡಬಹುದು, ಅದರ ಎದುರು ಸ್ಪರ್ಧಿಸಿದವರನ್ನು ವಿಚಾರಿಸಬಹುದು, ಇನ್ನೊಂದು ದಿನ ಮತ್ತೆ ಹೋಗಬಹುದು. ಮೂರನೆಯ ಕುದುರೆಯ ವಿಷಯದಲ್ಲಿ ನಾವು ಇದೆಲ್ಲವನ್ನೂ ಮಾಡಿದೆವು. ಅದು ಸಾಧಾರಣ ಕಂದು ಬಣ್ಣದ ಹೆಣ್ಣು ಕುದುರೆ. ಫೋಟೋದಲ್ಲಿ ಯಾರೂ ಎರಡನೆಯ ಸಲ ನೋಡುವಂಥದ್ದಲ್ಲ. ಗಾಡಿಯ ಹಲಗೆಯನ್ನು ಮಾತ್ರ ನಮ್ಮ ಮನೆಯ ಮೆಟ್ಟಿಲು ಎಂಬಂತೆ ಹತ್ತಿತು.

ಒಂಬತ್ತು ವರ್ಷ ಎಂದಿದ್ದರು. ಮೇಲ್ದವಡೆಯ ಅಂಚಿನ ಬಾಚಿಹಲ್ಲಿನಲ್ಲಿ ಸುಮಾರು ಹತ್ತನೇ ವರ್ಷಕ್ಕೆ ಒಸಡಿನ ಬಳಿ ಒಂದು ಗೀರು ಕಾಣಿಸಿಕೊಂಡು, ಹದಿನೈದರ ಹೊತ್ತಿಗೆ ಅರ್ಧ ಹಲ್ಲಿಗೆ ಇಳಿಯುತ್ತದೆ. ಲೆಕ್ಕ ಅಂದಾಜಿನದು, ಆದರೂ ದೊಡ್ಡ ಸುಳ್ಳನ್ನು ಹಿಡಿಯಬಲ್ಲದು. ಇಲ್ಲಿ ಗೀರು ಇರಲಿಲ್ಲ. ಲಾಯದ ಮರದ ಅಂಚು ಕಚ್ಚಿ ಸವೆದಿದೆಯೇ ಎಂದೂ ನೋಡಿದೆವು. ಮರ ಕಚ್ಚಿ ಗಾಳಿ ಎಳೆಯುವ ಚಟ ಅಷ್ಟು ಸುಲಭಕ್ಕೆ ಬಿಡುವುದಲ್ಲ. ಗುರುತಿನ ಪತ್ರದಲ್ಲಿ ಬರೆದ ಬಿಳಿ ಮಚ್ಚೆ, ಸುಳಿಗಳನ್ನು ಮೈಯ ಮೇಲೆ ಒಂದೊಂದಾಗಿ ಹುಡುಕಿದೆವು, ಚರ್ಮದಡಿಯ ಮೈಕ್ರೋಚಿಪ್‌ನ ಸಂಖ್ಯೆಯನ್ನೂ ಓದಿಸಿದೆವು.

ಕೊನೆಗೆ ಪಶುವೈದ್ಯರ ತಪಾಸಣೆ. ಮಾರುವವರ ಖಾಯಂ ವೈದ್ಯರನ್ನು ಕರೆಸಬೇಡಿ. ಜೊತೆಗೆ ರಕ್ತದ ಮಾದರಿಯನ್ನೂ ತೆಗೆಸಿ. ನೋವು ನಿವಾರಕ ಕೊಟ್ಟು ಕುಂಟನ್ನು, ಮಂಪರು ಬರಿಸುವ ಔಷಧಿ ಕೊಟ್ಟು ಗಾಬರಿಯನ್ನು ಮುಚ್ಚುವವರಿದ್ದಾರೆ. ಮಾರುವವರು ಇದಕ್ಕೆ ಮುಖ ಗಂಟು ಹಾಕಿದರೆ ಮುಂದಿನ ಪರೀಕ್ಷೆಗಳ ಖರ್ಚು ಉಳಿಯಿತು ಎಂದುಕೊಳ್ಳಿ. ನಮ್ಮ ವೈದ್ಯರು ಹಿಂಗಾಲಿನ ಕೀಲೊಂದರ ಎಕ್ಸ್‌ರೇ ಮಾಡಿಸಲು ಹೇಳಿದರು. ಅದರ ವರದಿ ಬಂದ ಮೇಲಷ್ಟೇ ಹಣ ಕೊಟ್ಟೆವು, ಒಪ್ಪಂದವನ್ನು ಬರೆಸಿಕೊಂಡೇ.

ಮನೆಗೆ ತಂದ ಮೇಲೆ ಗಂಟಲುಬಾವಿನಂಥ ಅಂಟುರೋಗಗಳ ಭಯದಿಂದ ಮೂರು ವಾರ ಬೇರೆ ಲಾಯದಲ್ಲಿಟ್ಟೆವು. ಮೇವನ್ನು ಒಮ್ಮೆಲೇ ಬದಲಿಸಿದರೆ ಹೊಟ್ಟೆನೋವು ಬರುವ ಅಪಾಯವಿದೆ. ಹಾಗಾಗಿ ಮಾರಿದವರಿಂದಲೇ ಹತ್ತು ದಿನದ ಹುಲ್ಲು ಕೇಳಿ ತಂದಿದ್ದೆವು. ಕಾರಿನ ಹಿಂದಿನ ಸೀಟನ್ನು ಅದು ಆಕ್ರಮಿಸಿಕೊಂಡಿದ್ದರಿಂದ ತರಬೇತುದಾರರು ಹುಲ್ಲಿನ ನಡುವೆಯೇ ಕುಳಿತು ಬಂದರು.