ಸ್ವೆಟರ್ ತೋಳು

ಇವತ್ತು ಮಗಳ 3ನೇ ಕೌನ್ಸೆಲಿಂಗ್. ಒಳಗೆ 45 ನಿಮಿಷ ಅವಳು, ಹೊರಗೆ ಬೆಂಚ್ ಮೇಲೆ ನಾನು, ಮಡಿಲಲ್ಲಿ ಅವಳ ಸ್ಕೂಲ್ ಸ್ವೆಟರ್.

ತೋಳಿನ ತುದಿ ಕಚ್ಚಿ ಕಚ್ಚಿ ನೂಲು ಬಿಟ್ಕೊಂಡಿದೆ. ಜೂನಲ್ಲಿ ತಂದಿದ್ದು ಕಣ್ರೀ. ಒಗೆಯೋವಾಗೆಲ್ಲ ನೋಡಿದೀನಿ, "ಹೊಸ ಬಟ್ಟೆ ಹಾಳು ಮಾಡ್ತೀಯಲ್ಲೇ" ಅಂತ ಬೈದಿದ್ದು ಬಿಟ್ರೆ ಯಾಕ್ ಕಚ್ತಾಳೆ ಅಂತ ಒಂದ್ ಸಲನೂ ಹೊಳೀಲಿಲ್ಲ.

ಮೇಡಂ ಮೊದಲ್ನೇ ದಿನಾನೇ ಹೇಳಿದ್ರು, ಒಳಗೇನ್ ಮಾತಾಡಿದೆ ಅಂತ ಕೆದಕ್ಬೇಡಿ, ಜೀವಕ್ಕೆ ಅಪಾಯ ಅನ್ನೋ ಥರದ್ದು ಇದ್ರೆ ನಾನೇ ಹೇಳ್ತೀನಿ ಅಂತ. ಕೇಳ್ದೇ ಇರೋದು ಎಷ್ಟ್ ಕಷ್ಟ ಅಂದ್ರೆ, ನಾಲಿಗೆ ತುದಿಗೆ ಬಂದಿದ್ದನ್ನ ನುಂಗ್ಕೊಂಡು ಸ್ಕೂಟರ್ ಸ್ಟಾರ್ಟ್ ಮಾಡ್ದೆ.

ಸಿಗ್ನಲ್ ಹತ್ರ ಹಿಂದಿನಿಂದ ಅವಳೇ, "ಅಮ್ಮ, ಮ್ಯಾಥ್ಸ್ ಪೀರಿಯಡ್ ಅಂದ್ರೆ ಹೊಟ್ಟೆ ತೊಳೆಸುತ್ತೆ."

ಹೂಂ ಅಂದೆ, ಅಷ್ಟೇ. ಮುಖ ಕಾಣಲ್ವಲ್ಲ, ಅದಕ್ಕೇ ಹೇಳಿದ್ಲೇನೋ.

(ಅತ್ತೆ ಇನ್ನೂ "ಮಗೂಗೇನ್ ಹುಚ್ಚಾ" ಅಂತಿದಾರೆ. ಜ್ವರ ಬಂದ್ರೆ ಹೋಗಲ್ವಾ ಅತ್ತೆ? ನಿಮ್ಮಲ್ಲಿ ಯಾರಿಗಾದ್ರೂ ಎಲ್ಲಿಂದ ಶುರು ಮಾಡೋದು ಗೊತ್ತಾಗ್ದಿದ್ರೆ ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ನಂಬರ್ 14416, ಸರ್ಕಾರದ್ದು, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು.)

ಸಿಗ್ನಲ್ ಬಿಡ್ತು. ಎಡಕ್ಕೆ ತಿರುಗಿದ್ರೆ ಐದೇ ನಿಮಿಷಕ್ಕೆ ಮನೆ. ನೇರ ಹೋದೆ, ಕೆರೆ ಸುತ್ಕೊಂಡು.