ಅಂಬಲಿ ಕುಡಿದು ಅಕ್ಷರ ಬರೆದ ಕಾಲು

ಕಾಲು ಉಳುಕಿತು ಅಂದರೆ ನಮ್ಮ ಕಡೆ ಮೊದಲು ಕೇಳುವ ಮಾತು, "ಅಲ್ಲಾಡಬ್ಯಾಡ, ಸುಮ್ನೆ ಮಲ್ಕೋ." ಅದರ ಹಿಂದೆಯೇ ಇನ್ನೊಂದು, "ಏನಾದ್ರೂ ತಂಪಾಗಿ ಕುಡಿ." ಎರಡೂ ಪ್ರೀತಿಯಿಂದಲೇ ಬರುತ್ತವೆ. ಆದರೆ ಮೊದಲನೆಯದು ಶುರುವಿನ ಒಂದೆರಡು ದಿನಕ್ಕೆ ಮಾತ್ರ ಸರಿ. ಎರಡನೆಯದರಲ್ಲಿ ಏನು ಕುಡಿಯುತ್ತೇವೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ನನ್ನ ಬಲಗಾಲು ಸರಿಯಾದ ಕಥೆ ಹೇಳಬೇಕು ಅನ್ನಿಸಿದ್ದು ಇದಕ್ಕೇ.

ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ನೌಕರರ ಕ್ರೀಡಾಕೂಟ ಹತ್ತಿರ ಬಂದಿತ್ತು. ದಾವಣಗೆರೆ ಜಿಲ್ಲಾ ಕ್ರೀಡಾಂಗಣದಲ್ಲಿ ಸಂಜೆ ಥ್ರೋಬಾಲ್ ಅಭ್ಯಾಸ ನಡೆಸುತ್ತಿದ್ದೆವು. ಓಡಿ ಬಂದು ಚೆಂಡು ಹಿಡಿಯುವಾಗ ಪಕ್ಕದಲ್ಲಿದ್ದವರ ಶೂ ಮೇಲೆ ನನ್ನ ಕಾಲು ಬಿತ್ತು, ಪಾದ ಒಳಕ್ಕೆ ಮಡಚಿತು. ಮನೆಗೆ ಹೋಗುವಷ್ಟರಲ್ಲಿ ಹೊರಗಿನ ಹರಡು ಊದಿ ಚಪ್ಪಲಿ ಹಿಡಿಸದಾಯಿತು.

ಡಾಕ್ಟರ್ ಮೊದಲು ಕೇಳಿದ್ದು, "ನಾಲ್ಕು ಹೆಜ್ಜೆ ಹಾಕೋಕೆ ಆಗುತ್ತಾ?" ಆಮೇಲೆ ಹರಡಿನ ಎರಡೂ ಪಕ್ಕದ ಮೂಳೆ ಒತ್ತಿ ನೋಡಿದರು. ಮೂಳೆಯ ಮೇಲೇ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು ಅಂತ ವೈದ್ಯರ ಒಂದು ಲೆಕ್ಕ ಇದೆ. ನನಗೆ ಹೆಜ್ಜೆ ಇಡಲು ಆಗಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಹಿಡಿದಿಡುವ ನಾರು, ಸ್ವಲ್ಪ ಹರಿದಿದೆ, ಗ್ರೇಡ್ 2 ಅಂದರು. ಊರುಗೋಲು, ಬಟ್ಟೆಯ ಪಟ್ಟಿ, ನೋವಿನ ಮಾತ್ರೆ. ಫಿಸಿಯೋಥೆರಪಿಗೆ ತಪ್ಪದೆ ಹೋಗಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು.

ಫಿಸಿಯೋ ಸಣ್ಣ ವಯಸ್ಸಿನ ಹುಡುಗಿ. ಪಟ್ಟಿ ಬಿಚ್ಚಿ, "ಮೇಡಂ, ಹೆಬ್ಬೆರಳಲ್ಲಿ ಗಾಳಿಯಲ್ಲಿ ಎ, ಬಿ, ಸಿ, ಡಿ ಬರೀರಿ" ಅಂದಳು. "ಕನ್ನಡದಲ್ಲಿ ಬರೀಲಾ?" ಅಂದೆ. ಅವಳಿಗೆ ಖುಷಿಯಾಯಿತು. ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವ ರ, ಗ, ಸ, ದದಿಂದಲೇ ಶುರು ಮಾಡಿದೆ. ನಮ್ಮ ಅಕ್ಷರಗಳು ದುಂಡಗಿವೆ ನೋಡಿ, ಒಂದೊಂದಕ್ಕೂ ಪಾದ ಮೇಲೆ, ಕೆಳಗೆ, ಒಳಕ್ಕೆ, ಹೊರಕ್ಕೆ ಎಲ್ಲಾ ಕಡೆ ತಿರುಗಲೇಬೇಕು. ಣ ಬರೆಯುವಾಗ ಕಣ್ಣಲ್ಲಿ ನೀರು ಬಂತು. ಆದರೂ ಬರೆದೆ.

"ರೆಸ್ಟ್ ಬೇಡವಾ?" ಅಂತ ಕೇಳಿದ್ದಕ್ಕೆ ಅವಳು ಹೇಳಿದ ವಿಷಯ ನನಗೆ ಹೊಸದು. ಉಳುಕಿದಾಗ ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರಕ್ಕೆ ಇಡುವುದು, ಈ ನಾಲ್ಕನ್ನು ಸೇರಿಸಿ 'ರೈಸ್' ಅಂತ ಹೆಸರಿಟ್ಟವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್. 1978ರಲ್ಲಿ. ಲೋಕವೆಲ್ಲಾ ಅದನ್ನೇ ಪಾಲಿಸಿತು. 2014ರಲ್ಲಿ ಅವರೇ ಮತ್ತೆ ಬರೆದರು: ಐಸ್ ಮತ್ತು ಪೂರ್ತಿ ವಿಶ್ರಾಂತಿ ಗುಣವಾಗುವುದನ್ನು ನಿಧಾನ ಮಾಡಬಹುದು ಅಂತ. ತಮ್ಮ ಮಾತನ್ನೇ ತಿದ್ದಿಕೊಂಡ ಆ ವೈದ್ಯರ ಮೇಲೆ ನನಗೆ ಗೌರವ ಬಂತು. ಲಿಗಮೆಂಟಿನ ಎಳೆಗಳು ಕೂಡಿಕೊಳ್ಳುವಾಗ ಹದವಾಗಿ ಎಳೆತ ಸಿಗಬೇಕಂತೆ. ಆಗಲೇ ಅವು ಸರಿಯಾದ ದಿಕ್ಕಿಗೆ ಸಾಲಾಗಿ ಬೆಳೆಯುತ್ತವೆ. ಒಂದೆರಡು ವಾರ ಕಾಲನ್ನು ಆಡಿಸದೇ ಬಿಟ್ಟರೆ ಮೀನಖಂಡ ಸೊರಗುವುದು ಕಣ್ಣಿಗೇ ಕಾಣುತ್ತದೆ.

ಇದನ್ನೆಲ್ಲಾ ಮನೆಯಲ್ಲಿ ಒಪ್ಪಿಸುವುದು ಬೇರೆಯೇ ಕೆಲಸ. ಒಂದು ಭಾನುವಾರ ಅದು ಪೂರ್ತಿ ಎದುರಾಯಿತು.

ಅವತ್ತು ಬೆಳಿಗ್ಗೆಯಿಂದ ಸಂಜೆವರೆಗೂ ನೋಡೋಕೆ ಬರುವವರು. ಹರಿಹರದಿಂದ ಚಿಕ್ಕಮ್ಮ, ಎಂಸಿಸಿ ಬಿ ಬ್ಲಾಕಿಂದ ನಾದಿನಿ, ಶಾಲೆಯ ಗೆಳತಿಯರು. ಯಾರೂ ಬರಿಗೈಲಿ ಬರಲಿಲ್ಲ. ಚಾಕೊಲೇಟ್ ರುಚಿಯ ಮಾಲ್ಟ್ ಪುಡಿ ಡಬ್ಬ, ಗ್ಲೂಕೋಸ್ ಪ್ಯಾಕೆಟ್, ಮಾವಿನ ಜ್ಯೂಸಿನ ದೊಡ್ಡ ಬಾಟಲಿ, ಎರಡು ಲೀಟರಿನ ತಂಪು ಪಾನೀಯ. ಮಂಚದ ಪಕ್ಕದ ಮೇಜು ತುಂಬಿತು. ಎಲ್ಲರ ಕಣ್ಣಲ್ಲೂ ಕಾಳಜಿ ಇತ್ತು. ಆದರೆ ಮಲಗಿದವಳಿಗೆ ಇದರಿಂದ ಸಿಗೋದು ಸಕ್ಕರೆ ಮಾತ್ರ ಅಲ್ವಾ? ತಂಪು ಪಾನೀಯದ 300 ಮಿಲಿ ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಚಹಾ ಚಮಚದ ಲೆಕ್ಕದಲ್ಲಿ ಆರು ಚಮಚ. ಆಟ ಆಡಿ ಬೆವರಿದವನಿಗೆ ಅದು ಹೇಗೋ ಖರ್ಚಾಗುತ್ತದೆ. ಓಡಾಟವಿಲ್ಲದವಳ ಊಟದ ಹಸಿವನ್ನೇ ಅದು ಕೊಲ್ಲುತ್ತದೆ. ಹಸಿವು ಹೋದರೆ ಗಾಯಕ್ಕೆ ಬೇಕಾದ ಪ್ರೋಟೀನೂ ಒಳಗೆ ಹೋಗುವುದಿಲ್ಲ.

ನಮ್ಮತ್ತೆ ಬಾಟಲಿಗಳನ್ನೆಲ್ಲಾ ಫ್ರಿಜ್ ಹಿಂದೆ ಸರಿಸಿದರು. "ಅಂಬ್ಲಿ ಕುಡೀಲಿ ಮೊದ್ಲು" ಅಂದರು. ಬೇರೆ ಚರ್ಚೆಯೇ ಇಲ್ಲ.

ಅವರ ಅಂಬಲಿ ಹೀಗೆ. ರಾತ್ರಿ ರಾಗಿ ಹಿಟ್ಟನ್ನು ನೀರಲ್ಲಿ ಕಲಸಿ ಮುಚ್ಚಿಡುತ್ತಾರೆ. ಬೆಳಿಗ್ಗೆಗೆ ಸ್ವಲ್ಪ ಹುಳಿ ಬಂದಿರುತ್ತದೆ. ಕುದಿಯುವ ನೀರಿಗೆ ಹಾಕಿ ಗಂಟಾಗದಂತೆ ತಿರುವಿ, ಪೂರ್ತಿ ಆರಿದ ಮೇಲೆ ಗಟ್ಟಿ ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ. ಚಿಕ್ಕಮ್ಮ ಒಂದು ಲೋಟ ಕುಡಿದು ಇನ್ನೊಂದು ಕೇಳಿದರು. ನಮ್ಮ ಶಾಲೆಯ ವಿಜ್ಞಾನದ ಮೇಡಂ ಅಲ್ಲೇ ಕೂತಿದ್ದರು, ಲೆಕ್ಕ ಶುರು ಮಾಡಿದರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಹುಳಿ ಬರಿಸುವುದರಿಂದ, ಮೊಳಕೆ ಕಟ್ಟಿ ಹಿಟ್ಟು ಮಾಡುವುದರಿಂದ ರಾಗಿಯಲ್ಲಿ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅನ್ನೋ ಅಂಶ ಕಡಿಮೆಯಾಗಿ, ಕ್ಯಾಲ್ಸಿಯಂ, ಕಬ್ಬಿಣ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತವೆ. ಅತ್ತೆಗೆ ಫೈಟೇಟ್ ಗೊತ್ತಿಲ್ಲ. ರಾತ್ರಿ ಕಲಸಿಡಬೇಕು ಅನ್ನೋದು ಗೊತ್ತು.

ಆದರೆ ಅಂಬಲಿ ಒಂದೇ ಸಾಲದು. ರಾಗಿಯಲ್ಲಿ ಪ್ರೋಟೀನ್ ಶೇಕಡಾ 7ರಷ್ಟೇ. ದೊಡ್ಡವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಪೆಟ್ಟಾದ ಆಟಗಾರರಿಗೆ ಆಹಾರ ತಜ್ಞರು ಅದರ ಸುಮಾರು ಎರಡರಷ್ಟು ಹೇಳುತ್ತಾರೆ. ಸಸ್ಯಾಹಾರಿ ಮನೆಯಲ್ಲಿ ಇದನ್ನು ಹೊಂದಿಸಲು ಸ್ವಲ್ಪ ಯೋಚನೆ ಬೇಕು. ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ ಹತ್ತಿರ ಸಿಗುತ್ತದೆ. ನೆನೆಸಿದ ಶೇಂಗಾ ಒಂದು ಹಿಡಿ ರುಬ್ಬಿ ಹಾಲು, ಚೂರು ಬೆಲ್ಲ ಸೇರಿಸಿದರೆ ಸಂಜೆಯ ಹಸಿವಿಗೆ ಒಳ್ಳೆ ಪಾನೀಯ. ಚಳ್ಳಕೆರೆ ಸೀಮೆಯ ಶೇಂಗಾ ನಮ್ಮ ಪಕ್ಕದಲ್ಲೇ ಇರುವಾಗ ದುಬಾರಿ ಡಬ್ಬದ ಪುಡಿ ಯಾಕೆ? ಇನ್ನು ಹುರುಳಿ ಕಟ್ಟು. ಮೈ ನೋವಿಗೆ ಹುರುಳಿ ಕಟ್ಟಿನ ಸಾರು ಅಂದರೆ ನಮ್ಮಲ್ಲಿ ಬಹಳ ನಂಬಿಕೆ. ಹುರುಳಿಯಲ್ಲಿ ಪ್ರೋಟೀನ್ ಶೇಕಡಾ 20ಕ್ಕಿಂತ ಹೆಚ್ಚು, ನಿಜ. ಆದರೆ ಅದರ ಬಹುಪಾಲು ಕಾಳಲ್ಲೇ ಉಳಿಯುತ್ತದೆ, ಬಸಿದ ನೀರಿಗೆ ಬರುವುದು ಸ್ವಲ್ಪ. ಅದಕ್ಕೆ ನಾವು ಒಂದು ಸೌಟು ಬೆಂದ ಕಾಳನ್ನೂ ರುಬ್ಬಿ ಕಟ್ಟಿಗೇ ಹಾಕಿದೆವು. ಬೆಳ್ಳುಳ್ಳಿ, ಮೆಣಸಿನ ಒಗ್ಗರಣೆ ಕೊಟ್ಟು ಬಿಸಿಬಿಸಿ ಕುಡಿದರೆ ಎಷ್ಟು ಹಿತ!

ಎಳನೀರಿನ ಬಗ್ಗೆ ಅವತ್ತು ದೊಡ್ಡ ವಾದವೇ ಆಯಿತು. ಎಳನೀರಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಉಪ್ಪು. ದಾವಣಗೆರೆಯ ಬೇಸಿಗೆಯಲ್ಲಿ ವ್ಯಾಯಾಮ ಮಾಡಿ ಬೆವರಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯೋ, ಚಿಟಿಕೆ ಉಪ್ಪಿನ ನಿಂಬೆ ಪಾನಕವೋ ಜಾಸ್ತಿ ಕೆಲಸಕ್ಕೆ ಬರುತ್ತದೆ. ಎಳನೀರು ಬೇಡ ಅಂತಲ್ಲ, ಆದರೆ ಅದೇ ದೊಡ್ಡ ಔಷಧಿ ಅಲ್ಲ. ಕಿಡ್ನಿ ತೊಂದರೆ ಇರುವವರಂತೂ ಡಾಕ್ಟರನ್ನು ಕೇಳದೆ ಕುಡಿಯಬಾರದು. ಇನ್ನು ನಿಂಬೆಯನ್ನು ಯಾವ ಬಿಸಿ ಪಾನೀಯಕ್ಕಾದರೂ ಅದು ಆರಿದ ಮೇಲೇ ಹಿಂಡಬೇಕು, ಕುದಿಸಿದರೆ ವಿಟಮಿನ್ ಸಿ ಕಡಿಮೆಯಾಗುತ್ತದೆ. ಲಿಗಮೆಂಟ್ ಕಟ್ಟಿರುವುದೇ ಕೊಲಾಜೆನ್ ಅನ್ನೋ ಪ್ರೋಟೀನ್‌ನಿಂದ, ಅದನ್ನು ತಯಾರಿಸಲು ಮೈಗೆ ವಿಟಮಿನ್ ಸಿ ಬೇಕೇಬೇಕು. ಬೆಟ್ಟದ ನೆಲ್ಲಿ, ಪೇರಲೆ ಸಿಗುವ ಕಾಲವಾದರೆ ಇನ್ನೂ ಒಳ್ಳೆಯದು.

ನಾದಿನಿ ಸೋರೆಕಾಯಿ ಜ್ಯೂಸ್ ಮಾಡಿಕೊಡ್ತೀನಿ ಅಂದಳು. ಅದಕ್ಕೆ ಮಾತ್ರ ನಾನು ಗಟ್ಟಿಯಾಗಿ ಹೇಳಿದೆ: ಒಂದು ಚೂರು ಬಾಯಿಗೆ ಹಾಕಿ ನೋಡು, ಕಹಿ ಇದ್ದರೆ ಎಸೆದುಬಿಡು. ಕಹಿ ಸೋರೆಕಾಯಿಯ ರಸ ವಿಷ. ಅದನ್ನು ಕುಡಿದು ಜನ ಸತ್ತಿದ್ದಾರೆ. ಆರೋಗ್ಯಕ್ಕೆ ಅಂತ ಕಹಿಯನ್ನು ಕಣ್ಣುಮುಚ್ಚಿ ನುಂಗುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಅಲ್ಲೇ ಅಪಾಯ.

ಹೇಳಲು ಮುಜುಗರ ಪಡುವ ಒಂದು ವಿಷಯವನ್ನೂ ಅವತ್ತು ಹೆಂಗಸರೆಲ್ಲಾ ಮಾತಾಡಿದೆವು. ಊರುಗೋಲು ಹಿಡಿದವಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಯಾಕೆ ಅಂದರೆ ಬಚ್ಚಲಿಗೆ ಹೋಗಬೇಕಲ್ಲ. ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ, ಒದ್ದೆ ನೆಲ, ಕರೆಯಲು ನಾಚಿಕೆ. ಮಂಡಿ ಪೆಟ್ಟಾದ ಗೆಳತಿಯೊಬ್ಬರು ಹೀಗೇ ಮಾಡಿ ಉರಿಮೂತ್ರ ಅಂಟಿಸಿಕೊಂಡಿದ್ದರಂತೆ. ಎಷ್ಟು ಒಳ್ಳೆಯ ಪಾನೀಯ ಮಾಡಿಟ್ಟರೇನು, ಅದಕ್ಕೆ ಮೊದಲು ಮಧ್ಯೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ತಂದು, ಗೋಡೆಗೆ ಹಿಡಿ ಹಾಕಿಸಬೇಕು. ನಮ್ಮ ಮನೆಯವರು ಅವತ್ತೇ ಸಂಜೆ ತಂದರು. ಗಾಯದ ಆರೈಕೆಯಲ್ಲಿ ಆ ಕುರ್ಚಿಗೆ ನಾನು ಬಹಳ ದೊಡ್ಡ ಜಾಗ ಕೊಡುತ್ತೇನೆ.

ಓಡಾಟ ನಿಧಾನವಾಗಿ ಬೆಳೆಯಿತು. ಕುರ್ಚಿಯಲ್ಲಿ ಕೂತು ನೀರಿನ ಬಾಟಲಿ ಎತ್ತುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು. ಈ ಕೊನೆಯದನ್ನು ಬಿಡಲೇಬಾರದು. ಲಿಗಮೆಂಟಿನಲ್ಲಿ ಕಾಲು ಎಲ್ಲಿದೆ, ಹೇಗೆ ವಾಲಿದೆ ಅಂತ ಮಿದುಳಿಗೆ ಹೇಳುವ ನರದ ತುದಿಗಳಿರುತ್ತವೆ. ಹರಿದಾಗ ಅವಕ್ಕೂ ಪೆಟ್ಟು ಬೀಳುತ್ತದೆ. ನೋವು ಹೋಯಿತು ಅಂತ ಈ ಅಭ್ಯಾಸ ಮಾಡದೆ ಆಟಕ್ಕೆ ಇಳಿದವರ ಕಾಲು ಮತ್ತೆ ಮತ್ತೆ ಉಳುಕುವುದು ಇದಕ್ಕೇ.

ಆಮೇಲೆ ನಮ್ಮೂರಿನ ಕುಂದವಾಡ ಕೆರೆಯ ಏರಿ ಮೇಲೆ ನಡಿಗೆ. ಸಮತಟ್ಟು ದಾರಿ, ಕೆರೆಯ ಗಾಳಿ, ದಣಿದರೆ ಕೂರಲು ಜಾಗ. ಮೊದಲು ಗಾಜಿನ ಮನೆ ಕಾಣುವಷ್ಟು ದೂರ ಹೋಗಿ ವಾಪಸ್. ಫಿಸಿಯೋ ಕೊಟ್ಟ ಅಳತೆ ಸರಳ: ಮಾರನೇ ದಿನ ಬೆಳಿಗ್ಗೆ ಊತ, ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ನಡೆದದ್ದು ಜಾಸ್ತಿಯಾಯಿತು, ಕಡಿಮೆ ಮಾಡಿ. ಇಲ್ಲದಿದ್ದರೆ ಸ್ವಲ್ಪ ಮುಂದೆ ಹೋಗಿ. ಫ್ಲಾಸ್ಕಿನಲ್ಲಿ ಅಂಬಲಿ ಒಯ್ದು ಏರಿ ಮೇಲೆ ಕೂತು ಕುಡಿಯುತ್ತಿದ್ದೆ.

ಈಗ ನಾನು ಮತ್ತೆ ಆಡುತ್ತಿದ್ದೇನೆ, ಹರಡಿಗೆ ಪಟ್ಟಿ ಕಟ್ಟಿಕೊಂಡು. ಮನಸ್ಸು ಮಾತ್ರ ನಮ್ಮ ಶಾಲೆಯ ಒಬ್ಬ ಹುಡುಗಿಯ ಹತ್ತಿರ ಇದೆ. ಖೋಖೋದಲ್ಲಿ ಕಂಬ ಮುಟ್ಟಿ ತಿರುಗುವಾಗ ಕಾಲು ಉಳುಕಿಸಿಕೊಂಡಳು. ಒಳ್ಳೆ ಆಟಗಾರ್ತಿ. ಮನೆಯಲ್ಲಿ ಮಲಗಿಸಿದ್ದಾರೆ, ಇನ್ನು ಆಟ ಬೇಡ ಅಂತಿದ್ದಾರೆ. ನಿನ್ನೆ ಹೋಗಿ ಅವರಮ್ಮನ ಜೊತೆ ಕೂತೆ. ಆ ತಾಯಿಗೆ ಭಯ ಇರುವುದು ಸಹಜ, ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವುದು ಸುಲಭವಲ್ಲ. ಎಕ್ಸ್‌ರೇ ಆಗಿದೆ, ಮೂಳೆ ಸರಿ ಇದೆ. ರಾಗಿ, ಶೇಂಗಾ, ಹುರುಳಿ ಮೂರೂ ಅವರ ಮನೆಯಲ್ಲೇ ಇವೆ. ಹುಡುಗಿಗೆ ಹೆಬ್ಬೆರಳಲ್ಲಿ ಅಕ್ಷರ ಬರೆಯುವುದು ತೋರಿಸಿದೆ. ಸೋಮವಾರ ಶಾಲೆ ಬಿಟ್ಟ ಮೇಲೆ ಅವಳನ್ನು ಫಿಸಿಯೋ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ಅವರಮ್ಮನೂ ಬರುತ್ತೀನಿ ಅಂದಿದ್ದಾರೆ.